ಕಾಣದ ಕಾಡು

ನಮ್ಮ ಸೀಮೆಯವರಿಗೆ ಕಡಲು ದೂರದ ಮಾತು. ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ, ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಯವರೆಗೆ ನಡೆದರೆ ಕಾಲಿಗೆ ಸಿಕ್ಕುವುದೆಲ್ಲ ಕಲ್ಲು, ಕೆಮ್ಮಣ್ಣು, ಎರೆ. ಹಡಗೆಂಬುದು ಹೂವಿನಹಡಗಲಿಯ ಹೆಸರಿನೊಳಗಲ್ಲದೆ ಬೇರೆಲ್ಲಿಯೂ ನಮ್ಮ ಕಿವಿಗೆ ಬೀಳದು. ಅದಾದರೂ ಹೊಳೆಯ ಮೇಲೆ ವಿಜಯನಗರಕ್ಕೆ ಹೂ ಕಳುಹಿಸುತ್ತಿದ್ದರೆಂಬ ಐತಿಹ್ಯದ ಹಡಗು. ಹೀಗಿರಲು ಈ ಪತ್ರಿಕೆಯ ವಾಚಕರ ಮುಂದೆ ಕಡಲೊಳಗಣ ಕಾಡಿನ ಮಾತನ್ನು ಎತ್ತುವವನು ಮೊದಲು ಕ್ಷಮೆ ಬೇಡಬೇಕು. ಆದರೆ ಒಂದು ಮಾತುಂಟು. ನಮ್ಮ ಹಿರಿಯರು ಕೆರೆ ಕಟ್ಟಿ ಅದಕ್ಕೆ ಸಮುದ್ರವೆಂದು ಹೆಸರಿಟ್ಟವರು. ಹಗರಿಬೊಮ್ಮನಹಳ್ಳಿಗೆ ಸಮೀಪದ ಅಂಕಸಮುದ್ರದ ಕೆರೆಯಂಗಳದಲ್ಲಿ ಬರಗಾಲದ ವರ್ಷಗಳಲ್ಲಿ ಕುರಿ ಮೇಯುವುದನ್ನು ಕಂಡು, ಇದಾವ ಸಮುದ್ರವೆಂದು ನಕ್ಕವರಲ್ಲಿ ನಾನೂ ಒಬ್ಬ. ನಿಜವಾದ ಸಮುದ್ರದ ದಡದಲ್ಲಿ ನಾಲ್ಕು ತಿಂಗಳು ಕಳೆದು ಬಂದ ಮೇಲೆ ಆ ನಗೆ ನಿಂತಿದೆ. ಅದು ಹೇಗೆ ನಿಂತಿತೆಂಬುದೇ ಈ ಬರಹದ ವಿಷಯ.

ನೀರೊಳಗಣ ಕಾಡೆಂದರೆ ನನಗೆ ಮೊದಲು ನೆನಪಾಗುವುದು ನನ್ನ ಅವ್ವನ ಮಾತು. ತುಂಗಭದ್ರೆಯ ಅಣೆಕಟ್ಟಿಗೆ ೧೯೪೫ರಲ್ಲಿ ಅಡಿಗಲ್ಲು ಬಿದ್ದು, ೧೯೫೩ರಲ್ಲಿ ನೀರು ನಿಂತಿತು. ನಮ್ಮ ಹಿರಿಯರ ಹಳ್ಳಿ ಆ ನೀರಿನ ಕೆಳಗೆ ಹೋಯಿತು. ನಾನು ಆಗ ಕಂಕುಳ ಕೂಸು. ಊರನ್ನು ಕಂಡೂ ಕಾಣದವನು. ಅವ್ವ ಮನೆಗಾಗಿ ಅಷ್ಟು ಮರುಗಲಿಲ್ಲ. ಮನೆಯ ತೊಲೆ, ಬಾಗಿಲು, ಬೀಸುಕಲ್ಲುಗಳನ್ನು ಬಂಡಿಗೆ ಹೇರಿ ತಂದಿದ್ದರು. ತರಲಾಗದೆ ಉಳಿದದ್ದು ಊರ ಹಿಂದಿನ ಹುಣಿಸೆಯ ತೋಪು. ಮೊದಲನೆಯ ವರ್ಷ ಮರಗಳ ನೆತ್ತಿ ನೀರಿನ ಮೇಲೆ ಹಸುರಾಗಿಯೇ ಕಾಣುತ್ತಿತ್ತಂತೆ. ಎರಡನೆಯ ವರ್ಷ ಬರಿಯ ಕೊಂಬೆ. ಮೂರನೆಯ ವರ್ಷ ಏನೂ ಇಲ್ಲ. "ಕಾಣೋತನಕ ಅತ್ತೆ ಕಣಪ್ಪಾ. ಕಾಣದಂಗಾದ ಮ್ಯಾಲೆ ಅಳಾಕ ನೆವನಾರ ಎಲ್ಲೈತಿ?" ಎಂದು ಆಕೆ ಹೇಳುತ್ತಿದ್ದಳು. ಈ ಮಾತನ್ನು ಮುದುಕಿಯ ಹಲುಬೆಂದು ಬಗೆದು ನಾನು ಐವತ್ತು ವರ್ಷ ಮರೆತಿದ್ದೆ.

ನನ್ನ ಮಗಳು ಗಂಡನೊಡನೆ ಆಸ್ಟ್ರೇಲಿಯಕ್ಕೆ ಸೇರಿದ ಟಾಸ್ಮೇನಿಯ ದ್ವೀಪದಲ್ಲಿ ನೆಲಸಿದ್ದಾಳೆ. ಅವರಿರುವುದು ಆ ದ್ವೀಪದ ರಾಜಧಾನಿಯಾದ ಹೋಬಾರ್ಟಿನಲ್ಲಿ. ೨೦೨೩ರ ಕೊನೆಗೆ, ನಮ್ಮಲ್ಲಿ ಜೋಳ ತೆನೆಗಟ್ಟುವ ಹೊತ್ತಿಗೆ, ಅವಳ ಒತ್ತಾಯಕ್ಕೆ ಕಟ್ಟುಬಿದ್ದು ಅಲ್ಲಿಗೆ ಹೋದೆನು. ಅಲ್ಲಿ ಅದು ಬೇಸಗೆ. ಬೇಸಗೆಯೆಂದರೆ ನಾನು ಶಾಲು ಹೊದ್ದು ಕೂರುವಂಥ ಬೇಸಗೆ. ಅವರು ಮಾತ್ರ ಅದನ್ನು ಸೆಕೆಯೆಂದು ಗೊಣಗುತ್ತಿದ್ದರು.

ಮೊದಲ ವಾರದಲ್ಲಿಯೇ ಮೊಮ್ಮಗಳು ನನ್ನನ್ನು ಮರಳದಂಡೆಗೆ ಎಳೆದುಕೊಂಡು ಹೋದಳು. ಅಲ್ಲಿ ಕಂದು ಬಣ್ಣದ ತೊಗಲಿನ ಪಟ್ಟಿಯಂಥದೊಂದು ಬಿದ್ದಿತ್ತು. ಮೋಟಿನ ಬಾವಿಯಿಂದ ನೀರೆತ್ತುವ ಕಪಿಲೆಯ ಹಳೆಯ ತೊಗಲು ಬಿಸಿಲಿಗೆ ಬಿದ್ದರೆ ಹೇಗೋ ಹಾಗೆ. "ತಾತಾ, ಇದು ಕೆಲ್ಪ್" ಎಂದಳು ಮಗು. ಕಪಿಲೆಯ ಹೋಲಿಕೆ ನನ್ನ ಹಳ್ಳಿಯ ಕಣ್ಣಿಗೆ ಹೊಳೆದದ್ದೆಂದುಕೊಂಡಿದ್ದೆ. ಆ ದ್ವೀಪದ ಮೂಲನಿವಾಸಿಗಳು ದಪ್ಪವಾದ ಒಂದು ಜಾತಿಯ ಕೆಲ್ಪಿನ ಎಲೆಯನ್ನು ಒಣಗಿಸಿ, ಅಂಚನ್ನು ಕಡ್ಡಿಯಿಂದ ಪೋಣಿಸಿ, ಅದರಲ್ಲಿಯೇ ಕುಡಿಯುವ ನೀರನ್ನು ಹೊತ್ತು ನಡೆಯುತ್ತಿದ್ದರೆಂದೂ, ಅವರ ವಂಶದ ಹೆಂಗಸರು ಆ ಪಾತ್ರೆಯನ್ನು ಇಂದಿಗೂ ಕಟ್ಟುತ್ತಾರೆಂದೂ ಆ ಮೇಲೆ ತಿಳಿಯಿತು. ನೀರಿನ ಬವಣೆಯುಳ್ಳ ನಾಡುಗಳ ಕೈಗೆಲಸ ಎಲ್ಲಿಯಾದರೂ ಒಂದೇ ಎಂದು ತೋರುತ್ತದೆ.

ಕೆಲ್ಪ್ ಎಂಬುದು ಕಡಲ ಪಾಚಿಯ ಒಂದು ವರ್ಗ. ಪಾಚಿಯೆಂದೊಡನೆ ನಮ್ಮ ಕಣ್ಣ ಮುಂದೆ ಬಾವಿಯ ಮೆಟ್ಟಿಲಿನ ಹಸುರು ಜಾರಿಕೆ ಬರುವುದು ಸಹಜ. ಆ ಚಿತ್ರವನ್ನು ಒತ್ತಟ್ಟಿಗಿಡಬೇಕು. ದೈತ್ಯ ಕೆಲ್ಪೆಂಬುದು ಕಡಲ ತಳದ ಬಂಡೆಯನ್ನು ಬೇರಿನಂಥ ಹಿಡಿಕೆಯಿಂದ ಅಪ್ಪಿಕೊಂಡು, ಮೂವತ್ತು ಮೀಟರಿಗೂ ಮಿಕ್ಕಿ ನೆಟ್ಟಗೆ ಮೇಲೇರಿ, ನೀರಿನ ಮೇಲ್ಮೈಯಲ್ಲಿ ಚಪ್ಪರದಂತೆ ಹರಡಿಕೊಳ್ಳುತ್ತದೆ. ಆ ಹಿಡಿಕೆ ಬೇರಲ್ಲ, ಅದು ನೀರನ್ನು ಹೀರುವುದಿಲ್ಲ. ಬಿಗಿಹಿಡಿಯುವುದಷ್ಟೆ ಅದರ ಕೆಲಸ. ಕಾಂಡಕ್ಕೆ ಮರದ ಗಟ್ಟಿತನವಿಲ್ಲ. ಪ್ರತಿಯೊಂದು ಎಲೆಯ ಬುಡದಲ್ಲಿ ಗಾಳಿ ತುಂಬಿದ ಸಣ್ಣ ಬುರುಡೆಯುಂಟು, ಅವುಗಳ ತೇಲುವಿಕೆಯಿಂದಲೇ ಅಷ್ಟು ಉದ್ದದ ಬಳ್ಳಿ ನಿಂತಿರುತ್ತದೆ. ತಣ್ಣನೆಯ, ಸಾರವುಳ್ಳ ನೀರು ದೊರೆತರೆ ದಿನಕ್ಕೆ ಅರ್ಧ ಮೀಟರು ಬೆಳೆಯಬಲ್ಲುದು. ನಮ್ಮ ಬಿದಿರಿನ ಕಳಲೆಗೆ ಮಾತ್ರ ಈ ಪಂದ್ಯದಲ್ಲಿ ನಿಲ್ಲುವ ಯೋಗ್ಯತೆಯಿದೆ. ಇಂಥವು ಸಾವಿರಗಟ್ಟಲೆ ನಿಂತ ಎಡೆಯಲ್ಲಿ ಮೀನು, ಸಿಗಡಿ, ಚಿಪ್ಪಿನ ಜೀವಿಗಳು ಗೂಡು ಕಟ್ಟಿ, ಮರಿಮಾಡಿ, ಅಡಗಿ, ಒಂದನ್ನೊಂದು ತಿಂದು ಬದುಕುತ್ತವೆ. ಚಾರ್ಲ್ಸ್ ಡಾರ್ವಿನ್ನನು ೧೮೩೪ರಲ್ಲಿ ದಕ್ಷಿಣ ಅಮೆರಿಕದ ತುದಿಯಲ್ಲಿ ಈ ಕಾಡನ್ನು ಕಂಡು, ನೆಲದ ಮೇಲಣ ಯಾವ ದೇಶದ ಕಾಡು ಅಳಿದರೂ ಇದು ಅಳಿದಾಗ ಸಾಯುವಷ್ಟು ಬಗೆಯ ಪ್ರಾಣಿಗಳು ಸಾಯಲಾರವೆಂಬ ಅಭಿಪ್ರಾಯವನ್ನು ಬರೆದಿಟ್ಟನು.

ಇಂಥ ಕಾಡು ನಮ್ಮ ಕನ್ನಡ ಕರಾವಳಿಯಲ್ಲಿ ಏಕಿಲ್ಲವೆಂದು ವಾಚಕರು ಕೇಳಬಹುದು. ನಮ್ಮ ಕಡಲು ಬೆಚ್ಚಗಿನದು. ಮುರ್ಡೇಶ್ವರದೆದುರಿನ ನೇತ್ರಾಣಿ ದ್ವೀಪದ ಸುತ್ತ ಹವಳವುಂಟು, ಕಾರವಾರದ ಬಂಡೆಗಳ ಮೇಲೆ ಗೇಣು ಮೊಳದುದ್ದದ ಕಂದು ಪಾಚಿಯುಂಟು; ಕೆಲ್ಪಿಗೆ ಬೇಕಾದ ತಂಪು ಇಲ್ಲ. ಆದರೆ ಇದೇ ಅರಬ್ಬೀ ಸಮುದ್ರದ ಆಚೆಯ ದಡದಲ್ಲಿ, ಒಮಾನಿನ ಧೋಫಾರ್ ಸೀಮೆಯಲ್ಲಿ, ಒಂದು ಜಾತಿಯ ಕೆಲ್ಪ್ ಬೆಳೆಯುತ್ತದೆ. ನೈಋತ್ಯದ ಮುಂಗಾರು ಗಾಳಿ ಅಲ್ಲಿಯ ಮೇಲುನೀರನ್ನು ದಡದಿಂದ ಆಚೆಗೆ ತಳ್ಳುವುದರಿಂದ ಆಳದ ತಣ್ಣನೆಯ ನೀರು ಮೇಲೇರಿ ಬರುತ್ತದೆ. ಆ ಕೆಲವು ತಿಂಗಳ ತಂಪಿನಲ್ಲಿ ಆ ಕಾಡು ಚಿಗುರುತ್ತದೆ. ಯಾವ ಗಾಳಿಗಾಗಿ ಕೂಡ್ಲಿಗಿಯ ರೈತನು ಜೂನ್ ತಿಂಗಳಲ್ಲಿ ಪಡುವಣ ದಿಕ್ಕನ್ನು ನೋಡುತ್ತ ನಿಲ್ಲುವನೋ ಆ ಗಾಳಿಯೇ ಹಾದಿಯಲ್ಲಿ ಒಂದು ಕಡಲ ಕಾಡಿಗೆ ನೀರೆರೆದು ಬರುತ್ತದೆಂಬುದನ್ನು ನಾನು ನಲವತ್ತು ವರ್ಷ ಭೂಗೋಳ ಕಲಿಸಿಯೂ ಅರಿತಿರಲಿಲ್ಲ.

ಮಗಳ ಮನೆಯ ನೆರೆಯಲ್ಲಿ ಒಬ್ಬ ಮುದುಕನಿದ್ದನು. ಯೌವನದಲ್ಲಿ ಕಡಲಿಗೆ ಮುಳುಗಿ ಬಂಡೆಗಂಟಿದ ಅಬಲೋನ್ ಎಂಬ ಚಿಪ್ಪಿನ ಜೀವಿಯನ್ನು ಕಿತ್ತು ಮಾರುತ್ತಿದ್ದವನು. ನನ್ನ ಇಂಗ್ಲಿಷು ಪುಸ್ತಕದ ಇಂಗ್ಲಿಷು, ಅವನದು ದೋಣಿಯ ಇಂಗ್ಲಿಷು. ನಡುವೆ ಮಗಳು ನಿಂತು ಮಾತು ದಾಟಿಸುತ್ತಿದ್ದಳು. ಒಂದು ಭಾನುವಾರ ಅವನೇ ನಮ್ಮನ್ನು ಫೋರ್ಟೆಸ್ಕ್ಯೂ ಕೊಲ್ಲಿಗೆ ಕರೆದುಕೊಂಡು ಹೋದನು. ನೀಲಗಿರಿ ಮರಗಳ ನಡುವೆ ಬಿಳಿಯ ಮರಳು, ಅದರ ಮುಂದೆ ನೀಲಿಯ ನೀರು. ಇದಕ್ಕಿಂತ ಚೆಲುವಾದ ಸ್ಥಳವನ್ನು ನಾನು ಕಂಡಿಲ್ಲ. ನಾನು ಹಾಗೆಂದೆ. ಮುದುಕನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ನೋಡುತ್ತಿರುವುದು ಮಸಣ" ಎಂದನು. ಅವನ ಪ್ರಾಯದ ದಿನಗಳಲ್ಲಿ ಆ ಕೊಲ್ಲಿಯಲ್ಲಿ ದೋಣಿ ಹೋಗಲು ಹಾದಿ ಹುಡುಕಬೇಕಾಗಿತ್ತಂತೆ, ಅಷ್ಟು ದಟ್ಟವಾಗಿ ಕೆಲ್ಪು ಹಬ್ಬಿತ್ತು. ಹುಟ್ಟಿಗೆ ಸುತ್ತಿಕೊಂಡರೆ ಚೂರಿಯಿಂದ ಕೊಯ್ಯುತ್ತಿದ್ದರು. ಮುಳುಗಿ ಮೇಲೆ ನೋಡಿದರೆ ಹೊನ್ನಿನ ಬಣ್ಣದ ಬೆಳಕು, ದೇವಾಲಯದ ಕಂಬಗಳ ನಡುವೆ ನಿಂತಂತೆ. ಈಗ ತಳದಲ್ಲಿ ಬಂಡೆ ಮಾತ್ರ ಉಳಿದಿದೆ ಎಂದನು. ನಾನು ನೋಡಿದೆ. ನೀರು ಮೊದಲಿನಷ್ಟೇ ನೀಲಿ. ಜನ ಈಜುತ್ತಿದ್ದರು. ಮಸಣವೆಂದು ಹೇಳುವುದಕ್ಕೆ ಅಲ್ಲಿ ಒಂದು ಒಣಕೊಂಬೆಯೂ ಇರಲಿಲ್ಲ. ಅವ್ವನ ಮಾತು ನನಗೆ ನೆನಪಾದದ್ದು ಆಗ.

ಟಾಸ್ಮೇನಿಯದ ಪೂರ್ವದ ದಂಡೆಯಲ್ಲಿದ್ದ ದೈತ್ಯ ಕೆಲ್ಪಿನ ಕಾಡಿನಲ್ಲಿ ನೂರಕ್ಕೆ ತೊಂಬತ್ತೈದು ಪಾಲು ಕಳೆದ ಕೆಲವು ದಶಕಗಳಲ್ಲಿ ಹೋಗಿದೆ. ಇದಕ್ಕೆ ಯಾವನೂ ಕೊಡಲಿ ಎತ್ತಲಿಲ್ಲ. ಆಸ್ಟ್ರೇಲಿಯದ ಪೂರ್ವ ಕರಾವಳಿಯನ್ನು ಅನುಸರಿಸಿ ಉತ್ತರದಿಂದ ದಕ್ಷಿಣಕ್ಕೆ ಬೆಚ್ಚನೆಯ ಒಂದು ಪ್ರವಾಹ ಹರಿಯುತ್ತದೆ. ಭೂಮಿಯ ಕಾವು ಏರಿದಂತೆ ಆ ಪ್ರವಾಹ ಇನ್ನಷ್ಟು ದಕ್ಷಿಣಕ್ಕೆ ಚಾಚಿ ಟಾಸ್ಮೇನಿಯವನ್ನು ಮುಟ್ಟುತ್ತಿದೆ. ಆ ನೀರು ಬಿಸಿಯೂ ಹೌದು, ಸಾರವಿಲ್ಲದ್ದೂ ಹೌದು. ಕೆಲ್ಪಿಗೆ ಅದು ಗೊಬ್ಬರವಿಲ್ಲದ ಹೊಲದಂತೆ. ೨೦೧೫-೧೬ರಲ್ಲಿ ಆ ಕಡಲಿನಲ್ಲಿ ಒಂದು ಬಿಸಿಯಲೆ ೨೫೧ ದಿನ ನಿಂತಿತು. ನೆಲದ ಮೇಲೆ ಎಂಟು ತಿಂಗಳ ಬರ ಬಿದ್ದರೆ ಊರೂರಿನಲ್ಲಿ ಗಂಜಿಕೇಂದ್ರ ಎನ್ನುತ್ತೇವೆ. ಕಡಲ ಬರವನ್ನು ದಡದ ಮೇಲೆ ನಡೆಯುವವನು ಅರಿಯನು.

ಬಿಸಿನೀರು ಒಂಟಿಯಾಗಿ ಬರಲಿಲ್ಲ. ಅದರ ಸಂಗಡ ಉದ್ದಮುಳ್ಳಿನ ಅರ್ಚಿನ್ ಎಂಬ ಪ್ರಾಣಿ ಬಂದಿತು. ಉಮ್ಮತ್ತದ ಕಾಯಿಗೆ ಕಪ್ಪು ಬಣ್ಣ ಬಳಿದು, ಮುಳ್ಳುಗಳನ್ನು ಗೇಣುದ್ದ ಎಳೆದಂತೆ ಅದರ ರೂಪ. ಅದರ ಮರಿಗಳು ಚಳಿಗಾಲದ ನೀರು ಸುಮಾರು ೧೨ ಡಿಗ್ರಿಗಿಂತ ತಣ್ಣಗಾದರೆ ಬದುಕಲಾರವು; ಆದಕಾರಣ ಹಿಂದೆ ಅದು ಟಾಸ್ಮೇನಿಯಕ್ಕೆ ಬಂದು ನೆಲಸಿರಲಿಲ್ಲ. ೧೯೭೮ರಲ್ಲಿ ಅದನ್ನು ಅಲ್ಲಿ ಮೊದಲು ಗುರುತಿಸಿದರು. ಈಗ ಲಕ್ಷಗಟ್ಟಲೆ ಇವೆ. ದೈತ್ಯ ಕೆಲ್ಪು ಮಾತ್ರವಲ್ಲ, ಬಂಡೆಯ ಮೇಲಣ ಇತರ ಸಣ್ಣ ಕೆಲ್ಪುಗಳನ್ನೂ ಬುಡದವರೆಗೆ ಕೆರೆದು ತಿಂದು ತಳವನ್ನು ಬೋಳು ಮಾಡುತ್ತವೆ. ಇದನ್ನು ತಿನ್ನತಕ್ಕ ಪ್ರಾಣಿ ಆ ಕಡಲಿನಲ್ಲಿ ಇರಲಿಲ್ಲವೇ ಎಂದರೆ, ಇತ್ತು. ಲಾಬ್ಸ್ಟರ್ ಎಂಬ ದೊಡ್ಡ ಸಿಗಡಿ, ಅದರಲ್ಲಿಯೂ ಬಲಿತ ಗಂಡಾಳಿನಂಥದು, ಈ ಮುಳ್ಳಿನ ಚೆಂಡನ್ನು ಒಡೆದು ತಿನ್ನಬಲ್ಲುದು. ಆದರೆ ಬಲಿತ ಲಾಬ್ಸ್ಟರಿಗೆ ಪೇಟೆಯಲ್ಲಿ ಬೆಲೆ ಹೆಚ್ಚು. ಅವುಗಳನ್ನು ಹಿಡಿದು ಹಿಡಿದು ಉಳಿದದ್ದು ಮರಿಗಳು. ಮರಿಗಳಿಗೆ ಆ ಮುಳ್ಳು ಎಟುಕದು. "ನಾನೂ ಹಿಡಿದೆ, ನನ್ನಪ್ಪನೂ ಹಿಡಿದ. ಆಗ ಯಾರು ಬಲ್ಲರು?" ಎಂದನು ಮುದುಕ. ಅವನ ದನಿಯಲ್ಲಿ ಸಮರ್ಥನೆ ಇರಲಿಲ್ಲ. ಲೆಕ್ಕ ಒಪ್ಪಿಸುವವನಂತೆ ಹೇಳಿದನು.

ಕೂಡ್ಲಿಗಿಯ ಕಡೆಯ ಬೋಳುಗುಡ್ಡಗಳನ್ನು ಕಂಡವರಿಗೆ ಈ ಸಂಗತಿ ಹೊಸದಲ್ಲ. ಗುಡ್ಡವೊಂದು ಬೋಳಾಗಬೇಕಾದರೆ ನೂರು ಆಡು ಬೇಕು. ಬೋಳಾದ ಗುಡ್ಡ ಬೋಳಾಗಿಯೇ ಉಳಿಯುವುದಕ್ಕೆ ಹತ್ತು ಆಡು ಸಾಕು, ಏಕೆಂದರೆ ಮೊಳೆತ ಒಂದೊಂದು ಕುಡಿಯನ್ನೂ ಆ ಹತ್ತೇ ಹುಡುಕಿ ತಿನ್ನುತ್ತವೆ. ಕಡಲ ತಳದಲ್ಲಿ ನಡೆಯುವುದೂ ಇದೇ. ಅರ್ಚಿನ್ನುಗಳನ್ನು ಅರ್ಧಕ್ಕೆ ಇಳಿಸಿದರೆ ಕಾಡು ಅರ್ಧ ಮರಳಿ ಬರುವುದೆಂದು ತಿಳಿಯಬಾರದು. ತೀರ ವಿರಳವಾಗುವವರೆಗೆ ಇಳಿಸಿದ ಹೊರತು ಒಂದು ಎಲೆಯೂ ಏಳದು. ಹೀಗಾಗಿ, ಬೋಳಾಗುವ ಮುನ್ನ ಕಾಯುವುದಕ್ಕೂ ಬೋಳಾದ ಮೇಲೆ ಬೆಳೆಸುವುದಕ್ಕೂ ಇರುವ ವೆಚ್ಚದ ಅಂತರವನ್ನು ಯಾವ ಸರ್ಕಾರದ ಆಯವ್ಯಯದಲ್ಲಿಯೂ ತೋರಿಸಿದ್ದನ್ನು ನಾನು ಕಾಣೆ.

ಕಾಯುವ ಬಗೆಯನ್ನು ಕುರಿತು ಎರಡು ಕಥೆಗಳನ್ನು ಅಲ್ಲಿ ಕೇಳಿದೆನು. ಒಂದು ಉತ್ತರ ಪೆಸಿಫಿಕ್ ಸಾಗರದ್ದು. ಅಲ್ಲಿಯ ಕಡಲ ನೀರುನಾಯಿಯ ತುಪ್ಪಳಿಗೆ ಬಹಳ ಬೆಲೆಯಿದ್ದುದರಿಂದ ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಅದನ್ನು ಕೊಂದು ಕೊಂದು, ೧೯೧೧ರಲ್ಲಿ ನಾಲ್ಕು ರಾಷ್ಟ್ರಗಳು ಕೂಡಿ ಬೇಟೆಯನ್ನು ನಿಷೇಧಿಸುವ ಹೊತ್ತಿಗೆ ಒಂದೆರಡು ಸಾವಿರ ಮಾತ್ರ ಉಳಿದಿದ್ದವು. ಆ ಮೇಲೆ ಅವು ಮರಳಿ ಹೆಚ್ಚಿದ ದ್ವೀಪಗಳ ಸುತ್ತ ಕೆಲ್ಪು ದಟ್ಟವಾಗಿಯೂ, ನೀರುನಾಯಿ ಇಲ್ಲದ ದ್ವೀಪಗಳ ಸುತ್ತ ಬಂಡೆ ಬೋಳಾಗಿಯೂ ಇರುವುದನ್ನು ಜೇಮ್ಸ್ ಎಸ್ಟಿಸ್ ಮತ್ತು ಅವನ ಸಂಗಡಿಗನು ೧೯೭೪ರಲ್ಲಿ ಪ್ರಕಟಿಸಿದರು. ನೀರುನಾಯಿ ಅರ್ಚಿನ್ನನ್ನು ತಿನ್ನುತ್ತದೆ, ಅಷ್ಟೆ. ನಮ್ಮ ತುಂಗಭದ್ರೆಯಲ್ಲಿಯೂ ನೀರುನಾಯಿಯುಂಟು. ಮುದ್ಲಾಪುರದಿಂದ ಕಂಪ್ಲಿಯವರೆಗೆ ಸುಮಾರು ೩೪ ಕಿಲೋಮೀಟರು ಹೊಳೆಯನ್ನು ೨೦೧೫ರಲ್ಲಿ ಅದರ ಸಂರಕ್ಷಣೆಗೆಂದು ಮೀಸಲಿಟ್ಟಿದ್ದಾರೆ. ಬಲೆ ಹರಿಯುವ ಕಳ್ಳನೆಂದು ಅದನ್ನು ಬಯ್ಯುವ ಬೆಸ್ತರ ಮಾತನ್ನು ನಾನು ಕೇಳಿದ್ದೇನೆ. ಆ ಬೈಗುಳದಲ್ಲಿ ನಷ್ಟದ ನಿಜವೂ ಇದೆ. ಅದು ಹೊಳೆಯಲ್ಲಿ ಏನನ್ನು ಹಿಡಿದು ನಿಲ್ಲಿಸಿದೆಯೆಂಬುದನ್ನು ಅದಿಲ್ಲದ ದಿನ ಮಾತ್ರ ಅರಿಯಬೇಕಾದೀತು.

ಇನ್ನೊಂದು ನ್ಯೂಜಿಲೆಂಡಿನ ಕಥೆ. ಅಲ್ಲಿಯ ಲೀ ಎಂಬ ಊರಿನ ವಿಶ್ವವಿದ್ಯಾಲಯದ ಕಡಲ ಪ್ರಯೋಗಾಲಯದಲ್ಲಿದ್ದ ಬಿಲ್ ಬ್ಯಾಲಂಟೈನ್ ಎಂಬಾತನು, ದಡದೆದುರಿನ ಐದಾರು ಚದರ ಕಿಲೋಮೀಟರು ನೀರಿನಲ್ಲಿ ಯಾರೂ ಏನನ್ನೂ ಹಿಡಿಯಬಾರದೆಂದು ಕಾನೂನಾಗಬೇಕೆಂದು ವರ್ಷಗಟ್ಟಲೆ ಬೆನ್ನು ಹತ್ತಿದನು. ನೀರಿಗೆ ಬೇಲಿಯೇ ಎಂದು ಜನ ನಗದೆ ಬಿಟ್ಟಾರೆಯೇ? ೧೯೭೫ರಲ್ಲಿ ಅದು ಕಾನೂನಾಯಿತು. ಅಲ್ಲಿ ಯಾರೂ ಒಂದು ಕೆಲ್ಪಿನ ಸಸಿಯನ್ನೂ ನೆಡಲಿಲ್ಲ. ದೊಡ್ಡ ಮೀನೂ ದೊಡ್ಡ ಲಾಬ್ಸ್ಟರೂ ಮರಳಿ ಬಂದವು; ಅವು ಅರ್ಚಿನ್ನುಗಳನ್ನು ತಿಂದವು; ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಬೋಳುಬಂಡೆಯ ಮೇಲೆ ಕಾಡು ತಾನಾಗಿ ಹಬ್ಬಿತು. ಗಡಿಯಿಂದಾಚೆಗೆ ಇಂದಿಗೂ ಬೋಳು ಉಳಿದಿರುವ ಎಡೆಗಳಿವೆ. ಬೇಲಿಯಿಲ್ಲದ ನೀರಿನಲ್ಲಿ ಎಳೆದ ಗೆರೆ ಹೀಗೆ ತಳದಲ್ಲಿ ಎದ್ದು ಕಂಡಿತು.

ಟಾಸ್ಮೇನಿಯದಲ್ಲಿ ಇಷ್ಟು ಸುಲಭವಲ್ಲ. ಲಾಬ್ಸ್ಟರನ್ನು ಕಾಯಬಹುದು, ಬಿಸಿನೀರನ್ನು ತಡೆಯುವ ಗೆರೆ ಯಾವುದು? ೨೦೧೨ರಲ್ಲಿ ಆಸ್ಟ್ರೇಲಿಯದ ಸರ್ಕಾರ ಆಗ್ನೇಯ ಭಾಗದ ದೈತ್ಯ ಕೆಲ್ಪಿನ ಕಾಡನ್ನು ಅಳಿವಿನಂಚಿನ ಜೀವಿಸಮುದಾಯವೆಂದು ಕಾನೂನಿನ ಪಟ್ಟಿಗೆ ಸೇರಿಸಿತು. ಒಂದು ಪ್ರಾಣಿಯನ್ನಲ್ಲ, ಇಡಿಯ ಕಡಲ ಕಾಡನ್ನು. ಮುಳುಗುಗಾರರಿಗೆ ಸಹಾಯಧನ ಕೊಟ್ಟು ಅರ್ಚಿನ್ನುಗಳನ್ನು ಹಿಡಿಸುತ್ತಿದ್ದಾರೆ. ಅದರ ತತ್ತಿ ಹೊರದೇಶಗಳಿಗೆ ಊಟಕ್ಕೆ ಹೋಗುತ್ತದೆ. ಟಾಸ್ಮೇನಿಯ ವಿಶ್ವವಿದ್ಯಾಲಯದವರು, ಬಿಸಿಯನ್ನು ತಾಳಿ ಅಲ್ಲೊಂದು ಇಲ್ಲೊಂದು ಉಳಿದ ದೈತ್ಯ ಕೆಲ್ಪುಗಳಿಂದ ಬೀಜಾಣುಗಳನ್ನು ತೆಗೆದು, ಪ್ರಯೋಗಾಲಯದಲ್ಲಿ ದಾರಕ್ಕೆ ಅಂಟಿಸಿ ಮೊಳೆಯಿಸಿ, ಕಡಲ ತಳದಲ್ಲಿ ನಾಟಿ ಮಾಡುತ್ತಿದ್ದಾರೆ. ಬರಗಾಲದಲ್ಲಿ ಒಣಗದೆ ಉಳಿದ ತೆನೆಯನ್ನು ಬೀಜಕ್ಕೆಂದು ಮಾಡಿನ ಗಳಕ್ಕೆ ಕಟ್ಟುತ್ತಿದ್ದ ನಮ್ಮ ಮುದುಕಿಯರಿಗೆ ಈ ಶಾಸ್ತ್ರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದು ಎಷ್ಟರಮಟ್ಟಿಗೆ ಫಲಿಸುವುದೆಂದು ಮುದುಕನನ್ನು ಕೇಳಿದೆ. ಅವನು ಭುಜ ಕುಣಿಸಿದನು. ಆದರೆ ಮರುವಾರ ನಮ್ಮನ್ನು ದ್ವೀಪದ ದಕ್ಷಿಣದ ತುದಿಯ ಕಡೆ, ನೀರು ಇನ್ನೂ ತಣ್ಣಗಿರುವಲ್ಲಿಗೆ ದೋಣಿಯಲ್ಲಿ ಕರೆದೊಯ್ದು, ಇಂಜಿನು ನಿಲ್ಲಿಸಿ, ಬಗ್ಗಿ ನೋಡೆಂದನು. ನೋಡಿದೆ. ಕೆಳಗಿನ ಕಪ್ಪಿನಿಂದ ಹೊಂಬಣ್ಣದ ಹಗ್ಗಗಳು ಸುತ್ತಿ ಸುತ್ತಿ ಮೇಲೇರಿ ಬರುತ್ತಿದ್ದವು. ಎಲೆಗಳ ನಡುವೆ ಸಣ್ಣ ಮೀನುಗಳು ಗಾಳಿಗೆ ತಿರುಗುವ ಹಕ್ಕಿಯ ಹಿಂಡಿನಂತೆ ಒಂದೇ ಸಲ ಹೊರಳಿದವು. ಎಷ್ಟು ಹೊತ್ತು ಬಗ್ಗಿದ್ದೆನೋ ಕಾಣೆ. ಮಗಳು, "ಅಪ್ಪಾ, ಸಾಕು, ಬೀಳ್ತೀಯಾ" ಎಂದು ಅಂಗಿಯ ತುದಿ ಹಿಡಿದು ಎಳೆದಳು.

ನಾನು ಅಲ್ಲಿರುವಾಗಲೇ, ೨೦೨೪ರ ಜನವರಿಯ ಕೊನೆಗೆ, ಅಂಕಸಮುದ್ರದ ಕೆರೆಯನ್ನು ರಾಮ್ಸರ್ ಪಟ್ಟಿಗೆ ಸೇರಿಸಿದರೆಂಬ ಸುದ್ದಿ ಫೋನಿನಲ್ಲಿ ಬಂದಿತು. ಇರಾನಿನ ರಾಮ್ಸರ್ ಎಂಬ ಊರಿನಲ್ಲಿ ೧೯೭೧ರಲ್ಲಿ ಆದ ಒಪ್ಪಂದದಂತೆ, ಲೋಕಕ್ಕೆ ಬೇಕಾದ ಜೌಗುನೆಲಗಳ ಪಟ್ಟಿಯಿದು. ಅದರಲ್ಲಿ ಮೊದಲನೆಯ ಹೆಸರು ೧೯೭೪ರಲ್ಲಿ ಸೇರಿದ ಆಸ್ಟ್ರೇಲಿಯದ ಒಂದು ಪರ್ಯಾಯದ್ವೀಪದ್ದು. ನಮ್ಮ ಕೆರೆಯ ಚಿತ್ರವನ್ನು ಮುದುಕನಿಗೆ ತೋರಿಸಿದೆ. ಸುಮಾರು ೨೪೪ ಎಕರೆ. ನೀರಿನ ನಡುವೆ ಸೊಂಟಮಟ್ಟ ಮುಳುಗಿ ನಿಂತ ಕರಿಜಾಲಿಯ ಮರಗಳು. ಅವುಗಳ ತಲೆಯ ಮೇಲೆ ಬಣ್ಣದ ಕೊಕ್ಕರೆ, ಕೆಂಬರಲು, ಬಾಯ್ಕಳಕ, ನೀರುಕಾಗೆಗಳು. ಮೂವತ್ತು ಸಾವಿರಕ್ಕೂ ಮಿಕ್ಕಿ ನೀರಹಕ್ಕಿಗಳು ಗೂಡಿಗೂ ತಂಗುವುದಕ್ಕೂ ಆಶ್ರಯಿಸುವ ಎಡೆ. ಮುದುಕನು ಚಿತ್ರವನ್ನು ಬಹಳ ಹೊತ್ತು ನೋಡಿ, "ನಿಮ್ಮ ಕಾಡಿಗೂ ಕಾಲು ನೀರಿನಲ್ಲಿಯೇ. ಇದನ್ನು ಕಾದವರು ಯಾರು?" ಎಂದು ಕೇಳಿದನು.

ಊರವರು ಎಂದೆ. ಅದು ನಿಜ. ಊರವರ ಒಪ್ಪಿಗೆಯ ಮೇಲೆಯೇ ೨೦೧೭ರಲ್ಲಿ ಅದು ಪಕ್ಷಿ ಸಂರಕ್ಷಣಾ ಮೀಸಲಾದದ್ದು. ಆದರೆ ನಾನು ಹೇಳದೆ ಬಿಟ್ಟದ್ದೊಂದಿದೆ. ಅದನ್ನು ಇಲ್ಲಿ ಹೇಳುತ್ತೇನೆ. ಬಹಳ ವರ್ಷಗಳ ಹಿಂದೆ, ಕೆರೆಗೆ ನೀರಿಲ್ಲದೆ ಬರಿಯ ಜಾಲಿ ನಿಂತಿದ್ದ ಕಾಲದಲ್ಲಿ, ಕಟ್ಟೆಯ ಮೇಲೆ ನಾಲ್ಕು ಜನ ಕೂತಲ್ಲಿ, ಆ ಮರಗಳನ್ನು ಹರಾಜು ಹಾಕಿದರೆ ಶಾಲೆಗೊಂದು ಕೋಣೆ ಕಟ್ಟಬಹುದೆಂದು ಲೆಕ್ಕ ಹಾಕಿ ತೋರಿಸಿದವನು ನಾನು. ಮಕ್ಕಳು ಬೇವಿನ ಗಿಡದ ಕೆಳಗೆ ಕೂರುತ್ತಿದ್ದರು. ನನ್ನ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಜಾಲಿ ನೇಗಿಲಿಗೂ ಬಂಡಿಗೂ ಆಗುವ ಗಟ್ಟಿ ಮರ, ಬೆಲೆ ಬರುತ್ತಿತ್ತು. ಕುರಿ ಕಾಯುವ ಮುದುಕನೊಬ್ಬನು, "ಮೇಷ್ಟ್ರೇ, ಕೆರಿಗೆ ನೀರು ಬಂದ್ರ ಹಕ್ಕಿ ಎಲ್ಲಿ ಕುಂದ್ರಬೇಕ್ರಿ?" ಎಂದನು. ಯಾವ ಹಕ್ಕಿ, ಯಾವ ನೀರು ಎಂದು ನಾನು ನಕ್ಕೆ. ಮಾತು ಅಲ್ಲಿಗೆ ಬಿಟ್ಟಿತು. ನನ್ನ ಲೆಕ್ಕ ಸರಿಯಾಗಿತ್ತು. ಆ ಲೆಕ್ಕಕ್ಕೆ ಯಾರೂ ಕಿವಿಗೊಡದೆ ಹೋದದ್ದು ನನ್ನ ಪುಣ್ಯವೇ ಹೊರತು ಗುಣವಲ್ಲ. ಲಾಬ್ಸ್ಟರನ್ನು ಹಿಡಿದ ಮುದುಕನ ಮುಂದೆ ಈ ಸಂಗತಿಯನ್ನು ಹೇಳಬೇಕಾಗಿತ್ತು. ಮಗಳು ನಡುವೆ ನಿಂತು ಮಾತು ದಾಟಿಸುತ್ತಿದ್ದಳಾದ್ದರಿಂದ ನಾಲಗೆ ಏಳಲಿಲ್ಲ.

ಹಿಂದಿರುಗಿ ಬಂದ ಮೇಲೆ, ತಿಂಗಳಿಗೊಮ್ಮೆ ಬಸ್ಸು ಹಿಡಿದು ಅಂಕಸಮುದ್ರಕ್ಕೆ ಹೋಗುವುದನ್ನು ಅಭ್ಯಾಸ ಮಾಡಿಕೊಂಡಿದ್ದೇನೆ. ಹಕ್ಕಿಗಳನ್ನು ನೋಡುವುದಕ್ಕೆ ದೂರದಿಂದ ಜನ ಬರುತ್ತಾರೆ. ನಾನು ಮರಗಳನ್ನು ನೋಡುತ್ತೇನೆ. ಕರಿಜಾಲಿ ಕೆಲವು ತಿಂಗಳು ನೀರಲ್ಲಿ ನಿಂತರೂ ತಾಳುವ ಮರ. ಆದರೆ ಅದರ ಬೀಜ ನಿಂತ ನೀರಿನ ಕೆಳಗೆ ಮೊಳೆಯದು. ನೀರು ಇಳಿದು ಅಂಗಳ ಬಿಸಿಲು ಕಂಡಾಗ ಮಾತ್ರ ಹೊಸ ಸಸಿ ಏಳಬೇಕು. ಹಕ್ಕಿಯನ್ನು ಕರೆತಂದ ನೀರು ವರ್ಷವೆಲ್ಲ ನಿಂತರೆ ಹಕ್ಕಿ ಕೂರುವ ಮರಕ್ಕೆ ಸಂತಾನವಿಲ್ಲ. ಸಾವಿರಾರು ಗೂಡುಗಳ ಹಿಕ್ಕೆಯೂ ಎಲೆಯನ್ನು ಸುಡುತ್ತದೆ. ಹಕ್ಕಿ ಹೆಚ್ಚಿದೆಯೆಂದು ಸಂತೋಷಪಡುವ ಕಣ್ಣಿಗೆ, ಒಣಗಿದ ಮರದ ಮೇಲೆಯೂ ಕೊಕ್ಕರೆ ಕೂರುವುದರಿಂದ, ಮರ ಒಣಗಿದ್ದು ಕಾಣುವುದಿಲ್ಲ.

ಅದಕ್ಕಾಗಿ ಎಣಿಸತೊಡಗಿದ್ದೇನೆ. ಏರಿಯ ಮೇಲೆ ಒಂದು ಕಲ್ಲನ್ನು ಗುರುತುಮಾಡಿಕೊಂಡು, ಅಲ್ಲಿಂದ ಕಾಣುವ ಮರಗಳನ್ನು ಹಸುರಾದವು, ಒಣಗಿದವು ಎಂದು ಎರಡು ಸಾಲಿನಲ್ಲಿ ಶಾಲೆಯ ಹಳೆಯ ಹಾಜರಿ ಪುಸ್ತಕದಲ್ಲಿ ಬರೆಯುತ್ತೇನೆ. ಊರಿನ ಒಬ್ಬ ಹುಡುಗ, ಏಳನೆಯ ತರಗತಿಯವನು, ಕಣ್ಣು ಚುರುಕಾದವನು, ಸಂಗಡ ಬರುತ್ತಾನೆ. ಹೋದ ಸಲ ನಾವು ಒಣಗಿದ ಸಾಲಿನಲ್ಲಿ ಹದಿನಾರು ಬರೆದೆವು. ಹದಿನೇಳನೆಯದಕ್ಕೆ ಜಗಳವಾಯಿತು. ನನ್ನ ಕಣ್ಣಿಗೆ ಅದು ಪೂರ್ತಿ ಒಣಗಿತ್ತು. ಹುಡುಗನು ಬಹಳ ಹೊತ್ತು ಕೈಯನ್ನು ಹಣೆಗೆ ಹಿಡಿದು ನೋಡಿ, ನೀರಿಗೆ ತಗಲುವಂಥ ಕೆಳಗಿನ ಕೊಂಬೆಯಲ್ಲಿ ಒಂದು ಚಿಗುರಿದೆಯೆಂದನು. ನನಗೆ ಕಾಣಲಿಲ್ಲ. ಅವನ ಮಾತಿನ ಮೇಲೆ ಅದನ್ನು ಹಸುರಿನ ಸಾಲಿನಲ್ಲಿ ಬರೆದು ಬಸ್ಸಿಗೆ ಬಂದೆವು.